ಹಂಪಿಯಲ್ಲಿ ಹರಿಗೋಲು ಯಾಕೆ ನಿಂತಿತ್ತು?

ಆಗಸ್ಟ್‌ನಲ್ಲಿ ಹೊಳೆಯ ಬಂಡೆಯಲ್ಲಿ ಕೆತ್ತಿದ ಕೋಟಿಲಿಂಗ ನೋಡಲು ಹೋದಾಗ ಮಳೆಯೇ ಇರಲಿಲ್ಲ, ಆದರೂ ಹರಿಗೋಲು ಯಾಕೆ ಬಿಡಲಿಲ್ಲ ಅಂತ ಕೇಳಿದ್ದೀರಿ. ಬಹುಶಃ ಮೇಲಿನ ತುಂಗಭದ್ರಾ ಅಣೆಕಟ್ಟಿನಿಂದ ನೀರು ಬಿಟ್ಟಿದ್ದರು. ಹಂಪಿಯಲ್ಲಿ ಬಿಸಿಲಿದ್ದರೂ ಆಗ ಹೊಳೆ ತುಂಬಿ ಹರಿಯುತ್ತದೆ.

ಮುಂದಿನ ಸಲ ಮೊದಲು ಹೊಳೆ ದಂಡೆಯ ಪುರಂದರ ಮಂಟಪ ನೋಡಿ. ಕಂಬಗಳು ನೀರಲ್ಲಿ ಮುಳುಗಿದ್ದರೆ ಅವತ್ತಿಗೆ ಆಸೆ ಬಿಡಿ. ಜಾಸ್ತಿ ದುಡ್ಡಿಗೆ ಯಾರಾದರೂ ಒಪ್ಪಿದರೂ ದಯವಿಟ್ಟು ಹತ್ತಬೇಡಿ, ಬಂಡೆಗಳ ನಡುವಿನ ಸುಳಿ ಮೇಲಿಂದ ಕಾಣುವುದಿಲ್ಲ. ನೀರು ಇಳಿದಿದ್ದರೆ ಹರಿಗೋಲು ಹತ್ತಲು ಬೆಳಿಗ್ಗೆಯೇ ಕೋದಂಡರಾಮ ಗುಡಿಯ ಮುಂದಿನ ಚಕ್ರತೀರ್ಥಕ್ಕೆ ಹೋಗಿ. ದರ ಮೊದಲೇ ಮಾತಾಡಿ, ಲೈಫ್ ಜಾಕೆಟ್ ಕೇಳಿ ಹಾಕಿಕೊಳ್ಳಿ.

ನೀರು ಯಾವತ್ತು ಬಿಡುತ್ತಾರೆ ಅಂತ ಮುಂಚೆಯೇ ಹೇಳಲು ಆಗುವುದಿಲ್ಲ. ಡಿಸೆಂಬರ್‌ನಿಂದ ಫೆಬ್ರವರಿಯೊಳಗೆ ಹೋದರೆ ಹರಿಗೋಲು ಸಿಗುವ ಸಾಧ್ಯತೆ ಹೆಚ್ಚು. ಹೊಳೆಯಾಚೆಯ ಆನೆಗೊಂದಿಗಾದರೆ ಬುಕ್ಕಸಾಗರದ ಸೇತುವೆ ದಾಟಿ ರಸ್ತೆಯಲ್ಲೇ ಹೋಗಬಹುದು.