ಸ್ಪೋರ್ಟ್ಸ್ ಕಾರಿನಲ್ಲಿ ಗೇರ್ ಕಲಿಯುವವರ ಪ್ರಶ್ನೆಗಳು

ಆಟೊಮ್ಯಾಟಿಕ್ ಓಡಿಸಿ ರೂಢಿಯಾದವರು ಮ್ಯಾನುಯಲ್ ಗೇರಿನ ಸ್ಪೋರ್ಟ್ಸ್ ಕಾರಿಗೆ ಬಂದಾಗ ಆಗುವ ಫಜೀತಿಯ ಬಗ್ಗೆ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಿಂದ ಬಂದ ಪತ್ರಗಳನ್ನು ಈ ಬಾರಿ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಉತ್ತರ: ನಮ್ಮ ವಾಹನ ವಿಭಾಗ.

ಪ್ರಶ್ನೆ: ಐದು ವರ್ಷದಿಂದ ಆಟೊಮ್ಯಾಟಿಕ್ ಕಾರು ಓಡಿಸುತ್ತಿದ್ದೇನೆ. ನಮ್ಮಣ್ಣ ಈಗ ಸೆಕೆಂಡ್ ಹ್ಯಾಂಡ್‌ನಲ್ಲಿ ಎರಡು ಸೀಟಿನ, ಆರು ಗೇರಿನ, ಹಿಂದಿನ ಚಕ್ರಗಳಿಗೆ ಶಕ್ತಿ ಹೋಗುವ ಸ್ಪೋರ್ಟ್ಸ್ ಕಾರು ತಂದಿದ್ದಾರೆ. ಕ್ಲಚ್ ಬಿಟ್ಟ ತಕ್ಷಣ ಆಫ್ ಆಗುತ್ತದೆ, ಇಲ್ಲವೇ ಕಪ್ಪೆಯಂತೆ ಕುಪ್ಪಳಿಸುತ್ತದೆ. ಮೊದಲು ಬೇರೆ ಸಣ್ಣ ಕಾರಿನಲ್ಲಿ ಕಲಿತು ಬರಬೇಕೇ? (ತುಮಕೂರು)

ಉತ್ತರ: ಬೇಕಿಲ್ಲ, ಇದರಲ್ಲೇ ಕಲಿಯಬಹುದು. ಆದರೆ ಸಣ್ಣ ಕಾರು ಮನ್ನಿಸುವ ತಪ್ಪನ್ನು ಇದು ಏಕೆ ಮನ್ನಿಸುವುದಿಲ್ಲ ಎಂದು ಮೊದಲು ತಿಳಿದುಕೊಳ್ಳಿ. ಎಂಜಿನ್‌ನ ತುದಿಯಲ್ಲಿ ಅದರ ಜೊತೆಗೇ ತಿರುಗುವ ಫ್ಲೈವೀಲ್ ಎಂಬ ಚಕ್ರ ಇರುತ್ತದೆ. ಪ್ರೆಶರ್ ಪ್ಲೇಟ್ ತನ್ನ ಸ್ಪ್ರಿಂಗ್ ಬಲದಿಂದ ಗೇರ್ ಬಾಕ್ಸಿಗೆ ಸೇರಿದ ಕ್ಲಚ್ ಪ್ಲೇಟನ್ನು ಅದಕ್ಕೆ ಒತ್ತಿ ಹಿಡಿದಿರುತ್ತದೆ. ಪೆಡಲ್ ತುಳಿದರೆ ಆ ಹಿಡಿತ ಬಿಡುತ್ತದೆ, ಪೆಡಲ್ ಮೇಲೆ ಬಂದಂತೆ ಮತ್ತೆ ಕಚ್ಚಿಕೊಳ್ಳುತ್ತದೆ. ಹೆಚ್ಚು ಟಾರ್ಕ್ (ಎಂಜಿನ್ ತಿರುಗಿಸುವ ಬಲ) ತಾಳಬೇಕಾದ ಕಾರಣ ಸ್ಪೋರ್ಟ್ಸ್ ಕಾರಿನ ಸ್ಪ್ರಿಂಗ್ ಗಟ್ಟಿ. ಹಾಗಾಗಿ ಪೆಡಲ್ ಭಾರ, ಕಚ್ಚುವ ಜಾಗ ಕಿರಿದು. ಹಲವು ಕಾರುಗಳಲ್ಲಿ ಫ್ಲೈವೀಲ್ ಕೂಡ ಹಗುರ. ಹಗುರವಾದ ಚಕ್ರದಲ್ಲಿ ಕೂಡಿಟ್ಟ ಶಕ್ತಿ ಕಡಿಮೆ, ಕ್ಲಚ್ ಹಿಡಿದ ಕ್ಷಣ ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ದಬಕ್ಕನೆ ಬಿದ್ದು ಎಂಜಿನ್ ನಿಲ್ಲುತ್ತದೆ. ಅದಕ್ಕೆ ಹೆದರಿ ಆಕ್ಸಿಲರೇಟರ್ ಜೋರಾಗಿ ತುಳಿದಾಗ ಬರುವುದೇ ಆ ಕುಪ್ಪಳಿಕೆ.

ಸೀಟಿನಿಂದ ಶುರುಮಾಡಿ. ಸೊಂಟ ಸೀಟಿನ ಹಿಂಭಾಗಕ್ಕೆ ತಾಗಿರಲಿ. ಕ್ಲಚ್ ಪೂರ್ತಿ ತಳಕ್ಕೆ ಹೋದಾಗಲೂ ಎಡ ಮೊಣಕಾಲು ಸ್ವಲ್ಪ ಬಾಗಿರಬೇಕು. ಕಾಲು ನೆಟ್ಟಗಾದರೆ ಪಾದದ ಹತೋಟಿ ಹೋಗಿ ತೊಡೆಯಿಂದ ತಳ್ಳುವಂತಾಗುತ್ತದೆ. ಚಪ್ಪಲಿ ಬೇಡ, ತೆಳು ಅಟ್ಟೆಯ ಶೂ ಹಾಕಿ. ಜಾಗ ಸಮತಟ್ಟಾಗಿರಲಿ, ಖಾಲಿಯಿರಲಿ. ಮಾಲೀಕರ ಒಪ್ಪಿಗೆ ಪಡೆದ ಖಾಸಗಿ ಲೇಔಟ್ ಅಥವಾ ಮೈದಾನ ಸಾಕು. ಹೆದ್ದಾರಿಯ ಸರ್ವೀಸ್ ರಸ್ತೆ ಖಂಡಿತ ಬೇಡ.

ಮೊದಲ ಅಭ್ಯಾಸದಲ್ಲಿ ಆಕ್ಸಿಲರೇಟರ್ ಮುಟ್ಟಲೇಬೇಡಿ. ಹ್ಯಾಂಡ್ ಬ್ರೇಕ್ ಎಳೆದಿರಲಿ, ಬಲಗಾಲು ಬ್ರೇಕ್ ಮೇಲಿರಲಿ, ಫಸ್ಟ್ ಗೇರ್ ಹಾಕಿ. ಕ್ಲಚ್ಚನ್ನು ನಿಧಾನವಾಗಿ ಬಿಡುತ್ತಾ ಬನ್ನಿ. 800ರ ಆಸುಪಾಸಿನಲ್ಲಿರುವ ಆರ್‌ಪಿಎಂ ನೂರು, ನೂರೈವತ್ತು ಇಳಿಯುತ್ತದೆ, ಎಂಜಿನ್ ದನಿ ಗಡುಸಾಗುತ್ತದೆ, ಗಾಡಿಯ ಮೈ ಸಣ್ಣಗೆ ಬಿಗಿಯುತ್ತದೆ. ಕಚ್ಚುವ ಜಾಗ ಅದೇ. ಒಂದು ಕ್ಷಣ ಅಲ್ಲಿ ನಿಂತು ಮತ್ತೆ ಪೂರ್ತಿ ತುಳಿಯಿರಿ. ಆ ಎತ್ತರ ಕಣ್ಣು ಮುಚ್ಚಿದರೂ ಪಾದಕ್ಕೆ ಸಿಗುವವರೆಗೆ ಇಷ್ಟೇ ಮಾಡಿ.

ಆಮೇಲೆ ಹ್ಯಾಂಡ್ ಬ್ರೇಕ್ ಇಳಿಸಿ, ಬ್ರೇಕ್‌ನಿಂದ ಕಾಲು ತೆಗೆದು, ಬರೀ ಕ್ಲಚ್‌ನಲ್ಲೇ ಗಾಡಿ ಉರುಳಿಸಿ. ಸಮತಟ್ಟು ನೆಲದಲ್ಲಿ ಹೆಚ್ಚಿನ ಪೆಟ್ರೋಲ್ ಎಂಜಿನ್‌ಗಳು ಐಡ್ಲಿಂಗ್ (ಆಕ್ಸಿಲರೇಟರ್ ಒತ್ತದಿದ್ದಾಗಿನ) ಶಕ್ತಿಯಿಂದಲೇ ಕಾರನ್ನು ಎಳೆಯುತ್ತವೆ. ಬಹುತೇಕರು ಎಡವುವುದು ಇಲ್ಲಿ: ಗಾಡಿ ಅಲುಗಿದೊಡನೆ 'ಆಯಿತು' ಎಂದು ಎಡಗಾಲನ್ನು ಪೂರ್ತಿ ಎತ್ತಿಬಿಡುತ್ತಾರೆ. ಅಲುಗಿದ ಮೇಲೂ ಪೆಡಲ್ ಅಲ್ಲೇ ಇರಬೇಕು, ಚಕ್ರ ಅರ್ಧ ಸುತ್ತಾದರೂ ತಿರುಗಿದ ಮೇಲೆ ಉಳಿದದ್ದನ್ನು ಬಿಡಬೇಕು. ಎಂಜಿನ್‌ನ ವೇಗವೂ ಚಕ್ರದ ವೇಗವೂ ಒಂದಾಗಲು ಅಷ್ಟು ಹೊತ್ತು ಬೇಕು. ಇದು ಸರಾಗವಾದ ಮೇಲೆಯೇ ಆಕ್ಸಿಲರೇಟರ್ ಸೇರಿಸಿ, 1,500 ಆರ್‌ಪಿಎಂ ಸಾಕು.

ಆಫ್ ಆದರೆ ಗಾಬರಿ ಬೇಡ. ಕ್ಲಚ್, ಬ್ರೇಕ್ ಎರಡೂ ತುಳಿದು, ನ್ಯೂಟ್ರಲ್‌ಗೆ ತಂದು ಸ್ಟಾರ್ಟ್ ಮಾಡಿ. ಆಫ್ ಆಗುವುದರಿಂದ ಎಂಜಿನ್‌ಗೆ ಹಾನಿಯಿಲ್ಲ. ಆರ್‌ಪಿಎಂ ಏರಿಸಿ, ಪೆಡಲ್ ಅರ್ಧ ಬಿಟ್ಟ ಹಾಫ್ ಕ್ಲಚ್‌ನಲ್ಲಿ ಹಿಡಿಯುವುದರಿಂದ ಪ್ಲೇಟ್ ಸುಡುತ್ತದೆ, ಅದೇ ನಿಜವಾದ ನಷ್ಟ. ಸುಟ್ಟ ವಾಸನೆ ಬಂದರೆ ನಿಲ್ಲಿಸಿ, ನ್ಯೂಟ್ರಲ್‌ನಲ್ಲಿಟ್ಟು, ಪೆಡಲ್‌ನಿಂದ ಕಾಲು ತೆಗೆದು ಇಪ್ಪತ್ತು ನಿಮಿಷವಾದರೂ ಆರಲು ಬಿಡಿ.

ಪ್ರಶ್ನೆ: ಭಾನುವಾರ ಬೆಳಗ್ಗೆ ನಂದಿ ಬೆಟ್ಟದ ರಸ್ತೆಯಲ್ಲಿ ಸಾಲು ನಿಂತಾಗ ಗಾಡಿ ಹಿಂದಕ್ಕೆ ಜಾರುತ್ತದೆ ಎಂಬ ಭಯ. ಇಳಿಯುವಾಗ ಯಾವ ಗೇರ್? (ಚಿಂತಾಮಣಿ)

ಉತ್ತರ: ಬೆಟ್ಟ ಸಮುದ್ರಮಟ್ಟದಿಂದ 1,478 ಮೀಟರ್. ಸೂರ್ಯೋದಯ ನೋಡಲು ಬರುವವರ ದಟ್ಟಣೆಯಲ್ಲಿ ಹೇರ್‌ಪಿನ್ ತಿರುವಿನ ಮಧ್ಯದಲ್ಲೇ ನಿಲ್ಲಬೇಕಾಗಬಹುದು. ಏರಿನಲ್ಲಿ ಹೊರಡುವುದು ಪಾದಕ್ಕೆ ಬರುವ ಮುಂಚೆ ವಾರಾಂತ್ಯದಲ್ಲಿ ಅಲ್ಲಿಗೆ ಹೋಗಬೇಡಿ. ವಾಹನ ಸಂಚಾರವಿಲ್ಲದ ಸಣ್ಣ ಏರಿನಲ್ಲಿ ಇದನ್ನು ರೂಢಿಸಿಕೊಳ್ಳಿ: ಹ್ಯಾಂಡ್ ಬ್ರೇಕ್ ಎಳೆದು ಫಸ್ಟ್ ಗೇರ್ ಹಾಕಿ, ಬ್ರೇಕ್‌ನಿಂದ ಕಾಲು ತೆಗೆಯಿರಿ. ಆಕ್ಸಿಲರೇಟರ್ ಒತ್ತಿ 1,800ರಿಂದ 2,000 ಆರ್‌ಪಿಎಂ ಹಿಡಿಯಿರಿ. ಕ್ಲಚ್ ಕಚ್ಚುವ ಜಾಗಕ್ಕೆ ಬಂದಾಗ ಕಾರಿನ ಹಿಂಭಾಗ ಸ್ವಲ್ಪ ಕುಸಿದು ಕೂರುತ್ತದೆ, ಆಗ ಹ್ಯಾಂಡ್ ಬ್ರೇಕ್ ಇಳಿಸಿ. ಹಿಂದಕ್ಕೆ ಒಂದಿಂಚೂ ಹೋಗುವುದಿಲ್ಲ. ಏರಿನಲ್ಲಿ ಬ್ರೇಕನ್ನು ತಾನೇ ಹಿಡಿದಿಡುವ ಹಿಲ್ ಹೋಲ್ಡ್ ಇದ್ದರೆ ಬ್ರೇಕ್ ಬಿಟ್ಟ ಮೇಲೆ ಅದು ಸುಮಾರು ಎರಡು ಸೆಕೆಂಡ್ ಹಿಡಿದು ತಾನೇ ಬಿಡುತ್ತದೆ. ಅದನ್ನು ನಂಬಿ ತಡಮಾಡಬಾರದು. ಸಾಲು ನಿಂತಾಗ ಕಾರನ್ನು ಹಾಫ್ ಕ್ಲಚ್‌ನಲ್ಲಿ ತೂಗಾಡಿಸಬೇಡಿ. ಮುಂದಿನ ಗಾಡಿಗೂ ನಿಮಗೂ ಒಂದು ಕಾರಿನಷ್ಟು ಅಂತರವಿರಲಿ, ಏಕೆಂದರೆ ಅದೂ ಜಾರಬಹುದು.

ಇಳಿಯುವಾಗ ಸೆಕೆಂಡ್ ಗೇರ್, ತೀರಾ ಕಡಿದಾದ ಕಡೆ ಫಸ್ಟ್. ಎಂಜಿನ್ನೇ ಗಾಡಿಯನ್ನು ಹಿಡಿದಿರಬೇಕು. ಪೆಟ್ರೋಲ್ ಉಳಿಯುತ್ತದೆಂದು ನ್ಯೂಟ್ರಲ್‌ನಲ್ಲಿ ಬಿಡುವುದು ಕೆಟ್ಟ ಅಭ್ಯಾಸ. ಇಂದಿನ ಎಂಜಿನ್‌ಗಳು ಗೇರಿನಲ್ಲಿ ಕಾಲೆತ್ತಿ ಇಳಿಯುವಾಗ ಇಂಧನ ಚಿಮ್ಮಿಸುವ ಇಂಜೆಕ್ಟರ್‌ಗಳನ್ನೇ ಮುಚ್ಚುತ್ತವೆ, ನ್ಯೂಟ್ರಲ್‌ನಲ್ಲಾದರೆ ಐಡ್ಲಿಂಗ್‌ಗೆ ಇಂಧನ ಸುಡುತ್ತಲೇ ಇರುತ್ತದೆ. ಬ್ರೇಕ್ ಕಾಯುವುದು ಬೇರೆ.

ಗೇರ್ ಇಳಿಸುವ ಕೆಲಸ ತಿರುವಿಗೆ ಮುಂಚೆ, ಗಾಡಿ ನೆಟ್ಟಗಿರುವಾಗಲೇ ಮುಗಿಯಲಿ. ಉದಾಹರಣೆಗೆ ಥರ್ಡ್‌ನ ಗೇರ್ ಅನುಪಾತ (ಗೇರ್ ಬಾಕ್ಸಿನಿಂದ ಹೊರಬರುವ ಒಂದು ಸುತ್ತಿಗೆ ಎಂಜಿನ್ ತಿರುಗುವ ಸುತ್ತು) 1.5, ಸೆಕೆಂಡ್‌ನದು 2.1 ಎಂದುಕೊಳ್ಳಿ. ಥರ್ಡ್‌ನಲ್ಲಿ 2,000 ಆರ್‌ಪಿಎಂ ಇದ್ದರೆ ಅದೇ ವೇಗಕ್ಕೆ ಸೆಕೆಂಡ್‌ನಲ್ಲಿ 2,800 ಬೇಕು. ಕ್ಲಚ್ ತುಳಿದಿರುವಾಗ ಆಕ್ಸಿಲರೇಟರನ್ನು ಒಮ್ಮೆ ಚುಟುಕಾಗಿ ಒತ್ತಿ ಆ 800 ತುಂಬಿಸಿದರೆ ಕ್ಲಚ್ ಬಿಟ್ಟಾಗ ಅದು ಮೆತ್ತಗೆ ಕಚ್ಚಿಕೊಳ್ಳುತ್ತದೆ. ತುಂಬಿಸದೆ ಕ್ಲಚ್ ಬಿಟ್ಟರೆ ಎಂಜಿನ್ ವೇಗ ಏರಿಸುವ ಭಾರವೆಲ್ಲ ಹಿಂದಿನ ಚಕ್ರಗಳ ಮೇಲೆ ಬೀಳುತ್ತದೆ. ಮಂಜು ಬಿದ್ದು ಒದ್ದೆಯಾದ ತಿರುವಿನಲ್ಲಿ ಆ ಎಳೆತಕ್ಕೆ ಚಕ್ರ ಜಾರಿ ಕಾರಿನ ಹಿಂಭಾಗ ಹೊರಕ್ಕೆ ತಿರುಗಬಹುದು. ಬ್ರೇಕನ್ನೂ ಆಕ್ಸಿಲರೇಟರನ್ನೂ ಒಂದೇ ಕಾಲಲ್ಲಿ ಒತ್ತುವ ರೇಸಿನವರ ವಿದ್ಯೆ ಈಗ ಬೇಡ. ಮೊದಲು ಬ್ರೇಕ್, ಆಮೇಲೆ ಗೇರ್, ಕೊನೆಗೆ ತಿರುವು. ಇಕ್ಕಟ್ಟಿನ ಜಾಗದಲ್ಲಿ ಏರಿ ಬರುವವರಿಗೆ ದಾರಿ ಬಿಡಬೇಕಾದವರು ಇಳಿಯುವವರು ಎಂಬುದೂ ನೆನಪಿರಲಿ.

ಪ್ರಶ್ನೆ: ಟೊಮೆಟೊ ಸೀಸನ್‌ನಲ್ಲಿ ಎಪಿಎಂಸಿ ಸುತ್ತ ಲಾರಿಗಳ ನಡುವೆ ತೆವಳಬೇಕು. ಎಡಗಾಲು ನೋಯುತ್ತದೆ. (ಕೋಲಾರ)

ಉತ್ತರ: ಮುಂದಿನ ಗಾಡಿ ಒಂದಡಿ ಸರಿದಾಗಲೆಲ್ಲ ನೀವೂ ಸರಿಯಬೇಕಿಲ್ಲ. ಎರಡು ಕಾರಿನಷ್ಟು ಜಾಗ ತೆರೆಯಲು ಬಿಡಿ, ಆಮೇಲೆ ಫಸ್ಟ್‌ನಲ್ಲಿ ಕ್ಲಚ್ ಪೂರ್ತಿ ಬಿಟ್ಟು ಆ ದೂರ ಉರುಳಿ. ನಿಂತಾಗ ನ್ಯೂಟ್ರಲ್, ಕಾಲು ಪಕ್ಕದ ಫುಟ್‌ರೆಸ್ಟ್ ಮೇಲೆ. ಪೆಡಲ್ ಮೇಲೆ ಸುಮ್ಮನೆ ಕಾಲಿಟ್ಟುಕೊಂಡರೂ ಕ್ಲಚ್ ಹಿಡಿತ ಬಿಡಿಸುವ ರಿಲೀಸ್ ಬೇರಿಂಗ್ ಸವೆಯುತ್ತದೆ.

ಪ್ರಶ್ನೆ: ನಮ್ಮ ಕಡೆ ರಸ್ತೆಯಲ್ಲೇ ರಾಗಿ, ಹುರುಳಿ ಒಕ್ಕಣೆ. ತಗ್ಗಿನ ಕಾರನ್ನು ಅದರ ಮೇಲೆ ಹತ್ತಿಸಬಹುದೇ? (ಗೌರಿಬಿದನೂರು)

ಉತ್ತರ: ಹತ್ತಿಸಲೇಬೇಡಿ. ಕಲಿಯುವವರು ಇದನ್ನು ಎಲ್ಲಕ್ಕಿಂತ ಮುಂಚೆ ತಿಳಿದಿರಬೇಕು. ಸುಗ್ಗಿಯ ತಿಂಗಳುಗಳಲ್ಲಿ ಹರಡಿದ ಹುರುಳಿ ಬಳ್ಳಿ ತಿರುಗುವ ಆಕ್ಸಲ್‌ಗೆ ಸುತ್ತಿಕೊಳ್ಳುತ್ತದೆ, ಒಣಹುಲ್ಲು ಸೈಲೆನ್ಸರ್ ಕೊಳವೆಗೂ ಹೊಗೆ ಶುದ್ಧಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ಗೂ ಅಂಟುತ್ತದೆ. ಕನ್ವರ್ಟರ್‌ನ ಬಿಸಿ ನೂರಾರು ಡಿಗ್ರಿ. ಮಾಮೂಲಿ ಕಾರುಗಳೇ ಹೀಗೆ ಹೊತ್ತಿಕೊಂಡಿವೆ. ಸ್ಪೋರ್ಟ್ಸ್ ಕಾರಿನ ತಳ ನೆಲಕ್ಕೆ ಇನ್ನೂ ಹತ್ತಿರ, ಹಲವಕ್ಕೆ 120ರಿಂದ 130 ಮಿಲಿಮೀಟರ್ ಮಾತ್ರ. ಹೊಸಬರು ಹುಲ್ಲಿನ ಮೇಲೆ ಆಫ್ ಆದೀತೆಂದು ಆರ್‌ಪಿಎಂ ಏರಿಸುತ್ತಾರೆ, ಬಿಸಿ ಇನ್ನೂ ಹೆಚ್ಚುತ್ತದೆ. ರೈತರನ್ನು ಕೇಳಿ ಒಂದು ಬದಿ ಸರಿಸಿಕೊಳ್ಳಿ, ಇಲ್ಲವೇ ಬೇರೆ ದಾರಿ ಹಿಡಿಯಿರಿ. ತಪ್ಪಿ ಹತ್ತಿಸಿದ್ದರೆ ಹುಲ್ಲು ದಾಟಿದ ತಕ್ಷಣ ಬರಿ ನೆಲದಲ್ಲಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ ಇಳಿದು ತಳ ನೋಡಿ. ಹೊಗೆ ಕಂಡರೆ ಬಾನೆಟ್ ತೆರೆಯುವ ಸಾಹಸ ಬೇಡ, ಎಲ್ಲರೂ ದೂರ ಸರಿದು 112ಕ್ಕೆ ಕರೆಮಾಡಿ.

ಪ್ರಶ್ನೆ: ಜೋರಾಗಿ ಹೋಗುವಾಗ ತಪ್ಪು ಗೇರ್ ಬಿದ್ದರೆ ಎಂಜಿನ್ ಹೋಗುತ್ತದೆ ಎನ್ನುತ್ತಾರೆ. ಆರ್‌ಪಿಎಂ ಮಿತಿ ದಾಟದಂತೆ ತಡೆಯುವ ಲಿಮಿಟರ್ ಇದೆಯಲ್ಲ? (ಮಧುಗಿರಿ)

ಉತ್ತರ: ಲಿಮಿಟರ್‌ಗೆ ಗೊತ್ತಿರುವುದು ಇಂಧನ ತಡೆಯುವುದು ಮಾತ್ರ. ಚಕ್ರಗಳೇ ಎಂಜಿನ್ನನ್ನು ತಿರುಗಿಸಿದರೆ ಅದು ಏನೂ ಮಾಡಲಾರದು. ಮೇಲಿನ ಅನುಪಾತಗಳನ್ನೇ ಹಿಡಿಯಿರಿ: ಥರ್ಡ್‌ನಲ್ಲಿ 6,000 ಆರ್‌ಪಿಎಂ ಇರುವಾಗ ಫೋರ್ತ್‌ಗೆ ಎಳೆಯಲು ಹೋಗಿ ಕೈ ಎಡಕ್ಕೆ ವಾಲಿ ಸೆಕೆಂಡ್‌ಗೆ ಬಿದ್ದರೆ, ಕ್ಲಚ್ ಬಿಟ್ಟ ಕ್ಷಣ 8,400. ವಾಲ್ವ್ ಸ್ಪ್ರಿಂಗ್‌ಗಳು ಅಷ್ಟು ವೇಗಕ್ಕೆ ಮುಚ್ಚಲಾರದೆ ವಾಲ್ವ್ ಪಿಸ್ಟನ್‌ಗೆ ಬಡಿಯಬಹುದು. ಗೇರ್ ಲಿವರನ್ನು ಮುಷ್ಟಿಯಲ್ಲಿ ಬಿಗಿದು ಎಳೆಯುವುದೇ ಇದಕ್ಕೆ ಕಾರಣ. ನ್ಯೂಟ್ರಲ್‌ನಲ್ಲಿ ಬಿಟ್ಟರೆ ಲಿವರ್ ತಾನೇ ಥರ್ಡ್, ಫೋರ್ತ್‌ನ ನೇರಕ್ಕೆ ಬಂದು ನಿಲ್ಲುತ್ತದೆ. ಅಂಗೈ ತೆರೆದು, ಬೆರಳಲ್ಲಿ ನೇರ ಹಿಂದಕ್ಕೆ ಎಳೆದರೆ ಫೋರ್ತ್ ತಪ್ಪುವುದಿಲ್ಲ. ಕಲಿಯುವ ದಿನಗಳಲ್ಲಿ 3,000 ದಾಟಿಸದೆ ಗೇರ್ ಬದಲಿಸಿ, ಆಗ ಕೈ ತಪ್ಪಿದರೂ 4,200 ಅಷ್ಟೇ. ಲಿವರ್ ಮೇಲೆ ಕೈಯಿಟ್ಟು ಓಡಿಸುವುದನ್ನೂ ಬಿಡಿ, ಆ ಭಾರ ಒಳಗೆ ಗೇರ್ ಸರಿಸುವ ಸೆಲೆಕ್ಟರ್ ಫೋರ್ಕ್ ಸವೆಸುತ್ತದೆ.

ಪ್ರಶ್ನೆ: ಮಗನಿಗೆ ಹದಿನೇಳು. ಈಗಲೇ ಶುರುಮಾಡಬಹುದೇ? (ತಿಪಟೂರು)

ಉತ್ತರ: ಇಲ್ಲ. ಕಾರಿನ ಎಲ್‌ಎಲ್‌ಗೆ (ಕಲಿಯುವವರ ಲೈಸೆನ್ಸ್) ಹದಿನೆಂಟು ತುಂಬಿರಬೇಕು. ಎಲ್‌ಎಲ್ ಆರು ತಿಂಗಳು ನಡೆಯುತ್ತದೆ, 30 ದಿನ ಕಳೆದ ಮೇಲೆ ಡಿಎಲ್ ಪರೀಕ್ಷೆಗೆ ಹೋಗಬಹುದು. ಅಲ್ಲಿಯವರೆಗೆ ಹಿಂದೆ ಮುಂದೆ ಎಲ್ ಬೋರ್ಡ್, ಪಕ್ಕದಲ್ಲಿ ಲೈಸೆನ್ಸ್ ಇರುವವರು ಕಡ್ಡಾಯ.

ಪ್ರಶ್ನೆ: ಹಳೆಯ ಸ್ಪೋರ್ಟ್ಸ್ ಕಾರು ಕೊಳ್ಳುವಾಗ ಕ್ಲಚ್ ಪರೀಕ್ಷೆ ಹೇಗೆ? (ಮುಳಬಾಗಿಲು)

ಉತ್ತರ: ಖಾಲಿ ರಸ್ತೆಯಲ್ಲಿ ಫೋರ್ತ್‌ನಲ್ಲಿ 50 ಕಿಲೋಮೀಟರ್ ವೇಗಕ್ಕೆ ಬಂದು ಆಕ್ಸಿಲರೇಟರ್ ಪೂರ್ತಿ ಒತ್ತಿ. ವೇಗ ಏರದೆ ಆರ್‌ಪಿಎಂ ಮಾತ್ರ ಹಾರಿದರೆ ಪ್ಲೇಟ್ ಸವೆದಿದೆ. ಪೆಡಲ್ ತುಳಿದಾಗ ಮಾತ್ರ ಗರಗರ ಸದ್ದು ಬಂದರೆ ರಿಲೀಸ್ ಬೇರಿಂಗ್ ನೋಡಿಸಿ. ನಿಂತ ಗಾಡಿಯಲ್ಲಿ ಕ್ಲಚ್ ಪೂರ್ತಿ ಒತ್ತಿದರೂ ರಿವರ್ಸ್ ಹಾಕುವಾಗ ಕಿರ್ರೆಂದರೆ ಹಿಡಿತ ಪೂರ್ತಿ ಬಿಡುತ್ತಿಲ್ಲ ಎಂದರ್ಥ. ಆಗ ಮೊದಲು ಕ್ಲಚ್ ಆಯಿಲ್ ನೋಡಿಸಿ. ಬಹಳಷ್ಟು ಕಾರುಗಳಲ್ಲಿ ಅದೂ ಬ್ರೇಕ್ ಆಯಿಲೂ ಒಂದೇ ಡಬ್ಬಿಯಿಂದ ಬರುತ್ತವೆ, ಎರಡು ವರ್ಷಕ್ಕೊಮ್ಮೆ ಬದಲಿಸುವುದು ಸಾಮಾನ್ಯ ನಿಯಮ. ಎರಡು ಭಾಗಗಳ ನಡುವೆ ಸ್ಪ್ರಿಂಗ್ ಇರುವ ಡ್ಯುಯಲ್ ಮಾಸ್ ಫ್ಲೈವೀಲ್ ಇದೆಯೇ ಎಂದು ಕೇಳಿಕೊಳ್ಳಿ. ಅದು ಹೋಗಿದ್ದರೆ ಐಡ್ಲಿಂಗ್‌ನಲ್ಲಿ ಲಟಲಟ ಸದ್ದು, ಎಂಜಿನ್ ಆಫ್ ಮಾಡುವಾಗ ಒಂದು ಕುಲುಕು ಇರುತ್ತದೆ. ಗೇರ್ ಬಾಕ್ಸ್ ಇಳಿಸುವ ಕೂಲಿ ಹೇಗೂ ಕೊಡಬೇಕಾದ್ದರಿಂದ ಪ್ಲೇಟ್, ಪ್ರೆಶರ್ ಪ್ಲೇಟ್, ಬೇರಿಂಗ್ ಮೂರನ್ನೂ ಒಟ್ಟಿಗೆ ಹಾಕಿಸಿ, ಆ ಖರ್ಚನ್ನು ಗಾಡಿಯ ಬೆಲೆಯಲ್ಲಿ ಕಳೆದು ಮಾತಾಡಿ.