ಕಲಬುರಗಿಯಲ್ಲಿ 11 ತಿಂಗಳ ಕರಾರಿನ ಬಾಡಿಗೆ ಮನೆಯಲ್ಲಿದ್ದೇನೆ, ನಾಯಿಮರಿ ಸಾಕಬಹುದಾ?

ನಿಮ್ಮ ಕರಾರು 11 ತಿಂಗಳದ್ದು, ನಾಯಿ ಬದುಕುವುದು 10ರಿಂದ 13 ವರ್ಷ. ಮುಂದೆ ಯಾವ ಊರಿಗೆ ಹೋದರೂ ಜೊತೆಗೆ ಕರೆದೊಯ್ಯುತ್ತೇನೆ ಅನ್ನುವುದು ಖಚಿತವಾದರೆ ಮಾತ್ರ ತನ್ನಿ. ಇಲ್ಲಾಂದ್ರೆ ಈಗ ಬೇಡ.

ನಮ್ಮ ಓಣಿಯಲ್ಲಿ ಬಾಡಿಗೆಯವರು ಮನೆ ಖಾಲಿ ಮಾಡಿ ಹೋದ ಮೇಲೆ ಅವರ ನಾಯಿ ಬೀಗ ಹಾಕಿದ ಬಾಗಿಲ ಮುಂದೆಯೇ ಮಲಗುತ್ತಿತ್ತು. ಬೈಕ್ ಸದ್ದು ಕೇಳಿದರೆ ಸಾಕು, ಕಿವಿ ನಿಮಿರಿಸಿ ಎದ್ದು ನಿಲ್ಲುತ್ತಿತ್ತು. ಅದನ್ನು ನೋಡಿದ್ದಕ್ಕೇ ಇಷ್ಟು ಹೇಳ್ತಿದ್ದೇನೆ.

ಮಾಲೀಕರ ಒಪ್ಪಿಗೆಯನ್ನು ಕರಾರಿನಲ್ಲೇ ಬರೆಸಿ. ಮರಿಗೆ ಮೂರು ತಿಂಗಳಾದಾಗ ರೇಬಿಸ್ ಲಸಿಕೆ, ಆಮೇಲೆ ವರ್ಷಕ್ಕೊಮ್ಮೆ. ತಗಡಿನ ಮನೆಯಾದರೆ ಇನ್ನೊಮ್ಮೆ ಯೋಚಿಸಿ. ಮೇ ತಿಂಗಳಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ನಾಯಿಗೆ ನಮ್ಮ ಹಾಗೆ ಮೈಯೆಲ್ಲಾ ಬೆವರುವುದಿಲ್ಲ.

ಆಸೆ ಜಾಸ್ತಿ ಇದ್ದರೆ, ಬೀದಿಯ ಮರಿಯೊಂದಕ್ಕೆ ಕಾಯಂ ಮನೆ ಸಿಗುವವರೆಗೆ ಆಸರೆ ಕೊಡಿ.