ಹೋಮ್ ವಾರಂಟಿ ತೆಗೆದುಕೊಂಡರೆ ಲಾಭವಿದೆಯೇ?

ಹೆಚ್ಚಿನವರಿಗೆ ಇಲ್ಲ. ದಿಢೀರ್ ರಿಪೇರಿಗೆ ಕೈಯಲ್ಲಿ ಒಂದಿಷ್ಟು ಹಣ ಇದ್ದರೆ, ವಾರಂಟಿಗೆ ಕಟ್ಟುವ ದುಡ್ಡನ್ನು ನೀವೇ ಪಕ್ಕಕ್ಕೆ ಇಡುವುದು ಮೇಲು.

ಅಮೆರಿಕದಲ್ಲಿ ಜಾಸ್ತಿ ಮಾರಾಟವಾಗುವ ಈ ಹೋಮ್ ವಾರಂಟಿ ಮನೆ ವಿಮೆ ಅಲ್ಲ. ಬೆಂಕಿ, ಬಿರುಗಾಳಿ, ಕಳ್ಳತನಕ್ಕೆ ವಿಮೆ. ಎಸಿ, ಫ್ರಿಜ್, ವಾಟರ್ ಹೀಟರ್ ಬಳಸಿ ಬಳಸಿ ಕೆಟ್ಟರೆ, ಮೊದಲೇ ಹಣ ಕಟ್ಟಿಸಿಕೊಂಡ ಕಂಪನಿ ರಿಪೇರಿ ಮಾಡಿಸಿಕೊಡುವುದು ವಾರಂಟಿ.

ಲೆಕ್ಕ ಸರಳ. ಗ್ರಾಹಕರು ಕಟ್ಟಿದ ಹಣದಲ್ಲೇ ಕಂಪನಿ ರಿಪೇರಿ ಮಾಡಿಸಬೇಕು, ಸಂಬಳ, ಜಾಹೀರಾತು ನೋಡಿಕೊಳ್ಳಬೇಕು, ಲಾಭವನ್ನೂ ಉಳಿಸಿಕೊಳ್ಳಬೇಕು. ಹಾಗಾಗಿ ಸರಾಸರಿ ಗ್ರಾಹಕನಿಗೆ ಕಟ್ಟಿದ್ದಕ್ಕಿಂತ ಕಡಿಮೆಯೇ ವಾಪಸ್ ಬರುವುದು. ಮೆಕ್ಯಾನಿಕ್ ಬಂದಾಗಲೆಲ್ಲ ಬೇರೆ ಫೀಸು. ಅವನನ್ನು ಆರಿಸುವುದೂ ಸಾಮಾನ್ಯವಾಗಿ ಕಂಪನಿಯೇ.

ತಕರಾರು ಶುರುವಾಗುವುದು ಸಣ್ಣ ಅಕ್ಷರದ ಷರತ್ತುಗಳಲ್ಲಿ. ಎಸಿಯ ಕಂಪ್ರೆಸರ್ ಹೋಯಿತು ಅನ್ನಿ. ಕಂಪ್ರೆಸರ್ ಹಾಕಿಕೊಡುತ್ತಾರೆ, ಗ್ಯಾಸಿನ ಖರ್ಚು ಪೂರ್ತಿ ಕೊಡದೆ ಇರಬಹುದು. ಸರ್ವಿಸ್ ಮಾಡಿಸಿದ ರಸೀದಿ ಕೇಳಬಹುದು. ಅದಿಲ್ಲದಿದ್ದರೆ ‘ನೀವು ಸರಿಯಾಗಿ ನೋಡಿಕೊಂಡಿಲ್ಲ’ ಅಂತ ಕೈ ಎತ್ತಲೂಬಹುದು. ವಾರಂಟಿ ತೆಗೆದುಕೊಳ್ಳುವ ಮೊದಲೇ ಇದ್ದ ದೋಷವಾದರಂತೂ ಕೇಳುವುದೇ ಬೇಡ. ಇಂತಿಷ್ಟೇ ಕೊಡುತ್ತೇವೆ ಎಂಬ ಮಿತಿ ಬೇರೆ.

ಹಳೇ ಮನೆ ಕೊಂಡು ಉಳಿತಾಯವೆಲ್ಲ ಖಾಲಿಯಾಗಿದ್ದರೆ ಮೊದಲ ವರ್ಷಕ್ಕೆ ಯೋಚಿಸಬಹುದು. ಮನೆ ಮಾರುವವರೇ ವಾರಂಟಿಯ ಹಣ ಕಟ್ಟುತ್ತೇವೆ ಅಂದರೆ ಬೇಡ ಅನ್ನಬೇಡಿ, ಪುಕ್ಕಟೆ ಅಲ್ವಾ! ಹೊಚ್ಚಹೊಸ ಮನೆಗೆ ಮಾತ್ರ ಸುಮ್ನೆ ದಂಡ. ಅಲ್ಲಿ ಬಿಲ್ಡರ್ ಕೊಡುವ ವಾರಂಟಿಯೇ ಸಾಮಾನ್ಯವಾಗಿ ಕಟ್ಟಡ ಕೆಲಸಕ್ಕೆ 1 ವರ್ಷ, ವೈರಿಂಗ್ ಮತ್ತು ಪೈಪುಗಳಿಗೆ 2 ವರ್ಷ ಇರುತ್ತದೆ.